ಮೈಕಲ್ಲಿ ಹೇಳಿದ್ದು ರೈಟ್ ಬ್ಯಾಕ್‌ಗೂ ಕೇಳ್ಸುತ್ತೆ

ಕೊಡಗಲ್ಲಿ ಹುಟ್ಟಿ ಫುಟ್ಬಾಲ್ ಆಡ್ತಿದ್ದೆ ಅಂದ್ರೆ ಜನ ಒಂಥರಾ ನೋಡ್ತಾರೆ, ಪಾಪ ಇವನಿಗೆ ಹಾಕಿ ಸ್ಟಿಕ್ ಸಿಗ್ಲಿಲ್ವಾ ಅಂತ. ಅವ್ರದ್ದೂ ತಪ್ಪಲ್ಲ ಬಿಡಿ, 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕುಟುಂಬ ಸೇರ್ಸಿ ಶುರು ಮಾಡಿದ ಕೊಡವ ಹಾಕಿ ಹಬ್ಬ 2024ರಲ್ಲಿ ನಾಪೋಕ್ಲುಲಿ 360 ಟೀಮ್ ಆಗಿ ಗಿನ್ನೆಸ್ ದಾಖಲೆಗೆ ಹೋಯ್ತು, ಅದರ ಮುಂದೆ ನಮ್ದೆಲ್ಲ ಯಾವ ಲೆಕ್ಕ. ಆದ್ರೆ ಸುಂಟಿಕೊಪ್ಪ, ಸಿದ್ದಾಪುರ ಕಡೆ ಎಸ್ಟೇಟ್ ಲೈನ್‌ಮನೆಯಲ್ಲಿ ಬೆಳೆದ ಹುಡುಗರಿಗೆ ಫುಟ್ಬಾಲೇ. ಗಡಿ ದಾಟಿದ್ರೆ ಕಣ್ಣೂರು, ವಯನಾಡು, ಅಲ್ಲಿನ ಸೆವೆನ್ಸ್ ಹುಚ್ಚು, ಅಂದ್ರೆ ಏಳೇಳು ಜನರ ಫುಟ್ಬಾಲ್, ಘಾಟಿ ಹತ್ತಿ ಇಲ್ಲಿಗೂ ಬಂದಿದೆ.

ನಾನು ಬೆಂಗಳೂರಿಗೆ ಹೋಗಿ ಲೀಗಲ್ಲಿ ಸ್ಟಾಪರ್ ಬ್ಯಾಕ್, ಅಂದ್ರೆ ನಡುವಿನ ಡಿಫೆಂಡರ್ ಆಗಿ ಆಡ್ದೆ, ಮೊಣಕಾಲಿನ ಲಿಗಮೆಂಟ್ ಹೋಯ್ತು, ಆಪರೇಷನ್ ಆಯ್ತು, ಆಟ ಮುಗೀತು. ಆ ಕಥೆ ಎಲ್ಲಾ ಆಟಗಾರರದ್ದೂ ಒಂದೇ, ಉದ್ದ ಎಳೆಯಲ್ಲ. ಆಮೇಲೆ ಯಾರೋ ಪರಿಚಯದವರ ಮೂಲಕ ಟಿವಿಯ ಕನ್ನಡ ಕಾಮೆಂಟರಿಗೆ ಎಕ್ಸ್‌ಪರ್ಟ್ ಬೇಕು ಅಂತ ಫೋನ್ ಬಂತು, ಹೋದೆ.

ಅಲನ್ ಸ್ಮಿತ್ ಅಂತ ಒಬ್ಬ, ನನ್ನ ಹಾಗೇ ಆಟ ಬಿಟ್ಟು ಕಾಮೆಂಟರಿಗೆ ಬಂದವನು. ನನ್ನ ಅಕ್ಕನ ಮಗನಿಗೆ ಅವನಂದ್ರೆ ಹಳೇ ಫಿಫಾ ವಿಡಿಯೋ ಗೇಮಲ್ಲಿ ಕಾಮೆಂಟೇಟರ್ ಮಾರ್ಟಿನ್ ಟೈಲರ್ ಪಕ್ಕ ಕೂತು ಮಾತಾಡ್ತಿದ್ದ ದನಿ ಅಷ್ಟೇ. ಲೋ, ಆ ಮನುಷ್ಯ ಲಂಡನ್ನಿನ ಆರ್ಸೆನಲ್ ಕ್ಲಬ್ಬಿನ ಸ್ಟ್ರೈಕರ್ ಕಣೋ, 1989 ಮತ್ತೆ 1991ರ ಸೀಸನಲ್ಲಿ ಇಂಗ್ಲೆಂಡ್ ಲೀಗಲ್ಲೇ ಅತಿ ಹೆಚ್ಚು ಗೋಲ್ ಹೊಡ್ದವನು, 1994ರ ಯುರೋಪಿನ ಕಪ್ ವಿನ್ನರ್ಸ್ ಕಪ್ ಫೈನಲಲ್ಲಿ ಇಟಲಿಯ ಪಾರ್ಮಾ ಮೇಲೆ ಬಿದ್ದ ಒಂದೇ ಗೋಲ್ ಅವನದ್ದು, ಮರುವರ್ಷ ಮೊಣಕಾಲು ಕೈಕೊಟ್ಟು ಆಟ ಬಿಟ್ಟ ಅಂದ್ರೆ ನಂಬಲೇ ಇಲ್ಲ. 1989ರ ಮೇ 26ಕ್ಕೆ ಲಿವರ್‌ಪೂಲ್ ಮೈದಾನ ಆನ್‌ಫೀಲ್ಡಲ್ಲಿ ಆರ್ಸೆನಲ್ ಎರಡು ಗೋಲ್ ಅಂತರದಲ್ಲಿ ಗೆದ್ರೆ ಮಾತ್ರ ಲೀಗ್ ಅಂತಿದ್ದಾಗ ಮೊದಲ್ನೇದು ಇವನೇ ತಲೇಲಿ ಹೊಡ್ದ, ಕೊನೇ ಗಳಿಗೇಲಿ ಮೈಕಲ್ ಥಾಮಸ್‌ಗೆ ಬಾಲ್ ಕೊಟ್ಟಿದ್ದೂ ಇವನೇ. ಆದ್ರೆ ಇವತ್ತಿಗೂ ಆ ಗೋಲ್ ಅಂದ್ರೆ ಜನರ ಕಿವೀಲಿ ಉಳ್ದಿರೋದು ಕಾಮೆಂಟರಿ ಹೇಳಿದ ಬ್ರಯನ್ ಮೂರ್ ದನಿ. ಪಾಸ್ ಕೊಟ್ಟವನು ಒಬ್ಬ, ಹೆಸರು ಇನ್ನೊಬ್ಬರಿಗೆ, ನಡೀತದೆ.

ಟಿವೀಲಿ ಎಕ್ಸ್‌ಪರ್ಟ್ ಕೆಲಸ ಹೊರಗಿಂದ ನೋಡೋಕೆ ಸುಲಭ. ಬಾಲ್ ಎಲ್ಲಿದೆ, ಯಾರ ಕಾಲಲ್ಲಿದೆ ಅಂತ ಪಕ್ಕದವರು ಹೇಳ್ತಾರೆ, ನಾನು ಬಾಯಿ ಬಿಡ್ಬೇಕಾಗಿರೋದು ಬಾಲ್ ಹೊರಗೆ ಹೋದಾಗ, ಇಲ್ಲಾ ರಿಪ್ಲೇ ಬಂದಾಗ, ಅದು ಯಾಕಾಯ್ತು ಅಂತ ಹೇಳೋಕೆ. ಹೆಡ್‌ಫೋನಲ್ಲಿ ಪ್ರೊಡ್ಯೂಸರ್ ರಿಪ್ಲೇ ಬರ್ತಿದೆ ಅಂತಾರೆ, ಥ್ರೋ ಇನ್ ತಗೊಳ್ಳೋದ್ರೊಳಗೆ ಮಾತು ಮುಗೀಬೇಕು, ಮಧ್ಯ ಕೆಮ್ಮು ಬಂದ್ರೆ ಒತ್ತೋಕೆ ಅಂತಾನೇ ಒಂದು ಬಟನ್ ಉಂಟು. ಇದೆಲ್ಲಾ ಅಭ್ಯಾಸ ಆಗುತ್ತೆ. ನನಗೆ ಇವತ್ತಿಗೂ ಸರಿ ಹೋಗದೇ ಇರೋದು ಏನಂದ್ರೆ ನಾವು ಮ್ಯಾಚ್ ನಡಿಯೋ ಜಾಗದಲ್ಲಿ ಇರೋದೇ ಇಲ್ಲ, ಮ್ಯಾಚ್ ಗೋವಾದಲ್ಲೋ ಕೋಲ್ಕತ್ತಾದಲ್ಲೋ, ನಾವು ಮುಂಬೈ ಸ್ಟುಡಿಯೋಲಿ ಏಸಿ ಕೆಳಗೆ ಮಾನಿಟರ್ ನೋಡ್ತಾ. ಕ್ಯಾಮೆರಾ ಬಾಲ್ ಹಿಂದೇನೇ ಓಡುತ್ತೆ. ಸ್ಟಾಪರ್ ಆಗಿ ಆಡ್ದವನಿಗೆ ಬಾಲ್ ಇಲ್ಲದ ಕಡೆ ಏನಾಗ್ತಿದೆ ಅನ್ನೋದೇ ಆಟ, ಡಿಫೆಂಡರ್‌ಗಳ ಸಾಲು ಎಷ್ಟು ಮೇಲಿದೆ, ಯಾರು ಸೊಂಟದ ಮೇಲೆ ಕೈ ಇಟ್ಕೊಂಡಿದಾರೆ, ಅದೊಂದೂ ಕಾಣಲ್ಲ. ಬಾಗಿಲ ಸಂದೀಲಿ ಮದುವೆ ನೋಡ್ದಂಗೆ.

ಹೀಗಿರುವಾಗ ಮೇ ರಜೇಲಿ ಊರಿಗೆ ಬಂದಿದ್ದೆ, ನಮ್ಮ ಕಡೆ ಟೂರ್ನಮೆಂಟ್ ನಡೀತಿತ್ತು, ನೋಡೋಕಂತ ಹೋದವನನ್ನ ಕಮಿಟಿಯವರು ಹಿಡ್ಕೊಂಡು ಟಿವಿಯವರು ಬಂದಿದಾರೆ ಅಂತ ಮೈಕ್ ಕೈಗೆ ಕೊಟ್ಟೇ ಬಿಟ್ರು. ಶಾಲೆ ಮೈದಾನ, ಹಿಂದಿನ ರಾತ್ರಿ ಮಳೆ ಬಂದು ಒಂದು ಕಡೆ ಕೆಸರು, ಗ್ಯಾಲರಿ ಫುಲ್. ಸೆವೆನ್ಸ್ ಅಲ್ಲ, ಹನ್ನೊಂದು ಜನರ ಆಟ, ಆಫ್‌ಸೈಡ್ ಉಂಟು, ಅಂದ್ರೆ ಪಾಸ್ ಹೊಡಿಯೋವಾಗ ಎದುರು ಟೀಮಿನ ಡಿಫೆಂಡರ್‌ಗಳನ್ನೆಲ್ಲ ದಾಟಿ ಮುಂದೆ ನಿಂತಿರೋ ಹಾಗಿಲ್ಲ. ಊರಿನ ವೀಕ್ಷಕ ವಿವರಣೆ ಬೇರೇನೇ ಕಸುಬು ಮಾರಾಯ್ರೇ. ಟ್ರೋಫಿ ಕೊಟ್ಟ ದಾನಿಗಳ ಹೆಸರು ಹೇಳ್ಬೇಕು, ಕೆಎ 12 ನಂಬರಿನ ಜೀಪ್ ಗೇಟಿಗೆ ಅಡ್ಡ ನಿಂತಿದೆ ದಯವಿಟ್ಟು ತೆಗೀರಿ ಅನ್ಬೇಕು, ಕಾಣೆಯಾದ ಮಗು ಇಲ್ಲಿದೆ ಅನ್ಬೇಕು, ಅದರ ಮಧ್ಯ ಗೋಲ್ ಆದ್ರೆ ಕೂಗ್ಬೇಕು.

ನನಗೆ ಮಾತ್ರ ಖುಷಿಯೋ ಖುಷಿ, ಎಷ್ಟು ಕಾಲ ಆದ್ಮೇಲೆ ಇಡೀ ಗ್ರೌಂಡ್ ಕಣ್ಮುಂದೆ. ಸೆಕೆಂಡ್ ಹಾಫಲ್ಲಿ ಇನ್ನೂ ಸೊನ್ನೆ ಸೊನ್ನೆ, ನೀಲಿ ಜರ್ಸಿಯ ರೈಟ್ ಬ್ಯಾಕ್, ಅಂದ್ರೆ ಬಲಗಡೆ ಡಿಫೆಂಡರ್, ಮೇಲೆ ಓಡಿ ಹೋಗ್ತಾನೆ, ವಾಪಸ್ ಬರೋವಾಗ ನಡ್ಕೊಂಡು ಬರ್ತಾನೆ. ಟಿವೀಲಿ ಹೇಳೋ ಹಾಗೇ ಹೇಳ್ದೆ, ನೋಡಿ ರೈಟ್ ಬ್ಯಾಕ್ ಸುಸ್ತಾಗಿದಾರೆ, ಅವರ ಬೆನ್ನ ಹಿಂದೆ ದೊಡ್ಡ ಜಾಗ ಬಿದ್ದಿದೆ ಅಂತ. ಹಳದಿ ಟೀಮಿನಲ್ಲಿ ಎಡಗಡೆಯಿಂದ ದಾಳಿ ಮಾಡೋ ಲೆಫ್ಟ್ ವಿಂಗರ್ ನಿಂತ ಜಾಗದಿಂದ ನನ್ನ ಕಡೆ ತಿರುಗಿ ನೋಡ್ದ. ಮುಂದಿನ ಬಾಲ್ ನೇರ ಅಲ್ಲಿಗೇ ಬಂತು, ವಿಂಗರ್ ಓಡ್ದ, ಗೋಲ್‌ಕೀಪರ್ ಮುಂದಕ್ಕೆ ಬಂದ, ಅವನ ಪಕ್ಕದಿಂದ ವಿಂಗರ್ ಬಾಲ್ ತಳ್ಳಿದ, ಗೋಲ್.

ಗಲಾಟೆ ಶುರು. ನೀಲಿ ಟೀಮ್ ಮ್ಯಾನೇಜರ್ ಟೇಬಲ್ ಹತ್ರ ಬಂದು ಎಂಥ ಮಾರಾಯ ನೀನು, ಕಾಮೆಂಟರಿ ಮಾಡೋಕ್ ಬಂದಿದ್ದಾ ಆ ಟೀಮ್‌ಗೆ ಕೋಚಿಂಗ್ ಕೊಡೋಕ್ ಬಂದಿದ್ದಾ ಅಂದ್ರು. ನಾನೇನ್ ಸುಳ್ಳು ಹೇಳಿದ್ನಾ, ಕಣ್ಣಿಗೆ ಕಂಡಿದ್ದು ಹೇಳ್ದೆ ಅಂದೆ, ಈಗ್ಲೂ ಅದನ್ನೇ ಹೇಳ್ತೀನಿ. ಅಷ್ಟರಲ್ಲಿ ಗ್ಯಾಲರಿಯಿಂದ ರೈಟ್ ಬ್ಯಾಕ್ ಅಮ್ಮ ಇಳಿದು ಬಂದು ನನ್ನ ಮಗ ಬೆಳಗ್ಗೆಯಿಂದ ಗಾಡಿ ಓಡಿಸಿ ಹೊಟ್ಟೆಗೆ ಏನೂ ತಿನ್ನದೆ ಆಡ್ತಿದಾನೆ, ಅವನು ಸುಸ್ತಾಗಿದಾನೆ ಅಂತ ಊರಿಗೆಲ್ಲ ಮೈಕಲ್ಲಿ ಹೇಳ್ಬೇಕಿತ್ತಾ ಅಂದ್ರು. ಮ್ಯಾನೇಜರ್‌ಗೆ ಉತ್ತರ ಇತ್ತು, ಇವ್ರಿಗೆ ಇರ್ಲಿಲ್ಲ. ಟಿವಿ ಕಾಮೆಂಟರಿಲಿ ಎಷ್ಟೋ ಡಿಫೆಂಡರ್‌ಗಳನ್ನ ಹಿಂಡಿ ಹಿಪ್ಪೆ ಮಾಡಿದೀನಿ, ಒಬ್ಬರ ಅಮ್ಮನೂ ಸ್ಟುಡಿಯೋ ಬಾಗಿಲು ತಟ್ಟಿಲ್ಲ. ಅಲ್ಲಿ ನಾನು ಹೇಳೋದು ಆಡೋರಿಗೆ ಕೇಳಲ್ಲ, ಕೇಳೋರು ಆಡ್ತಿರಲ್ಲ, ಧೈರ್ಯ ಎಲ್ಲಾ ಅಲ್ಲಿಂದ್ಲೇ ಬರೋದು. ಕೊನೆಗೆ ಕಮಿಟಿಯವರು ಸಾರ್ ನೀವು ದಾನಿಗಳ ಹೆಸರು ಓದಿ ಸಾಕು ಅಂದ್ರು, ಮಿಕ್ಕ ಟೈಮ್ ಅದನ್ನೇ ಓದ್ದೆ. ಒಂದು ಸೊನ್ನೆಯಲ್ಲೇ ಮ್ಯಾಚ್ ಮುಗೀತು.

ಸಾಯಂಕಾಲ ಬಸ್‌ಸ್ಟ್ಯಾಂಡಿಗೆ ಆಟೋ ಹಿಡಿದ್ರೆ ಡ್ರೈವರ್ ಅದೇ ರೈಟ್ ಬ್ಯಾಕ್. ಹತ್ತಿ ಅಣ್ಣಾ ಅಂದ. ಸಿಟ್ಟು ಸುಸ್ತಾಗಿದಾನೆ ಅಂದಿದ್ದಕ್ಕಲ್ಲ, ಅದು ನಿಜಾನೇ ಅಂತ ಅವನೇ ಒಪ್ಕೊಂಡ. ವಿಂಗರ್ ಆಫ್‌ಸೈಡಲ್ಲಿದ್ದ, ಅದನ್ನ ಯಾಕೆ ಮೈಕಲ್ಲಿ ಹೇಳ್ಲಿಲ್ಲ ಅಂತ ದಾರಿ ಉದ್ದಕ್ಕೂ ಜಗಳ. ಇರ್ಲಿಲ್ಲ, ನಿಮ್ಮ ಲೆಫ್ಟ್ ಬ್ಯಾಕ್ ಅವನಿಗಿಂತ ಕೆಳಗೆ, ನಿಮ್ಮ ಗೋಲ್ ಹತ್ರ ನಿಂತಿದ್ದ ಅಂದೆ. ಫ್ರೆಂಡ್ ಮೊಬೈಲಲ್ಲಿ ವಿಡಿಯೋ ಇದೆ ತೋರಿಸ್ತೀನಿ ಅಂತ ನಂಬರ್ ತಗೊಂಡ. ಇನ್ನೂ ಕಳಿಸಿಲ್ಲ.