ಕಾಕಾ ಅದನ್ನು ಹಣ್ಣೆಂದೇ ಎಣಿಸಿರಲಿಲ್ಲ

ಬೆಳಗಾವಿಯ ಒಂದು ಆಸ್ಪತ್ರೆಯಲ್ಲಿ ನಾನು ಡಯಾಲಿಸಿಸ್ ತಂತ್ರಜ್ಞ. ರೋಗಿ ಬಂದ ಕೂಡಲೇ ತೂಕ, ರಕ್ತದೊತ್ತಡ ನೋಡಿ, "ಎಳನೀರು ಕುಡಿದಿರಾ? ಬಾಳೆಹಣ್ಣು ತಿಂದಿರಾ?" ಎಂದು ಕೇಳುವುದು ನನಗೆ ಬಾಯಿಪಾಠವಾಗಿತ್ತು. ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು; ಕಿಡ್ನಿ ಸೋತವರ ಹೃದಯಕ್ಕೆ ಅದು ಅಪಾಯ.

ಖಾನಾಪುರದ ಕಡೆಯಿಂದ ವಾರಕ್ಕೆರಡು ಸಲ ಬರುವ ಕಾಕಾ ಒಬ್ಬರಿದ್ದಾರೆ. ಅಂದು ಎರಡೂ ಪ್ರಶ್ನೆಗೆ "ಇಲ್ಲಪ್ಪಾ ತಮ್ಮಾ" ಎಂದರು. ಎನ್ನುವಷ್ಟರಲ್ಲಿ ಬಿಕ್ಕಳಿಕೆ. "ಯಾರೋ ನೆನೆಸುತ್ತಿದ್ದಾರೆ ಕಾಕಾ" ಎಂದು ನಗಿಸಿ ಸೂಜಿ ಚುಚ್ಚಿದೆ. ರಕ್ತದಲ್ಲಿ ಯೂರಿಯಾ ಏರಿದವರಿಗೆ ಬಿಕ್ಕಳಿಕೆ ಹೊಸದಲ್ಲ, ಹಾಗಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಅರ್ಧ ಗಂಟೆಯಾದರೂ ಅದು ನಿಲ್ಲಲಿಲ್ಲ. ಆಮೇಲೆ ಅವರು ನನ್ನನ್ನು ತಮ್ಮ ಮಗನ ಹೆಸರಿನಿಂದ ಕರೆದು, "ಎತ್ತಿಗೆ ನೀರು ಕುಡಿಸಿದೆಯಾ?" ಎಂದಾಗ ನನಗೆ ಬೆವರೊಡೆಯಿತು.

ಓಡಿ ಬಂದ ವೈದ್ಯರು ಕಾಕಾರನ್ನು ಬಿಟ್ಟು ಅವರ ಹೆಂಡತಿ ಕಾಕುವನ್ನು ಕೇಳಿದರು: "ನಿನ್ನೆಯಿಂದ ಬಾಯಿಗೆ ಹಾಕಿದ್ದನ್ನೆಲ್ಲ ಹೇಳಿ." ರೊಟ್ಟಿ, ಪಲ್ಯ, ಅನ್ನ... "ಹಣ್ಣು ಮುಟ್ಟಿಲ್ಲ ಸಾಹೇಬರೇ. ಬೀಗರ ಹಿತ್ತಲಿನ ಕಮರಾಕ್ಷಿ ಮಾತ್ರ. ಅದೇನು ಹಣ್ಣೇ, ಬರೀ ಹುಳಿ." ಚೀಲದಿಂದ ಸ್ಟೀಲ್ ಡಬ್ಬಿ ಹೊರಬಂತು. ಅಡ್ಡ ಕೊಯ್ದ, ಐದು ಮೂಲೆಯ ಹಳದಿ ಚೂರುಗಳು. ಮೇಲೆ ಉಪ್ಪು, ಖಾರ.

ಕಮರಾಕ್ಷಿಯಲ್ಲಿ, ಅಂದರೆ ಸ್ಟಾರ್ ಫ್ರೂಟಿನಲ್ಲಿ, ಕ್ಯಾರಂಬಾಕ್ಸಿನ್ ಎಂಬ ನರವಿಷವಿದೆ. ಬ್ರೆಜಿಲ್‌ನ ಸಂಶೋಧಕರು ಅದನ್ನು ಬೇರ್ಪಡಿಸಿ 2013ರಲ್ಲಿ ಪ್ರಕಟಿಸಿದರು. ಗಟ್ಟಿ ಕಿಡ್ನಿ ಅದನ್ನು ಮೂತ್ರದಲ್ಲಿ ಹೊರಹಾಕುತ್ತದೆ; ಸೋತ ಕಿಡ್ನಿಯವರಲ್ಲಿ ರಕ್ತದಲ್ಲೇ ಉಳಿದು ಮಿದುಳಿಗೇರುತ್ತದೆ. ಮೊದಲು ಬಿಕ್ಕಳಿಕೆ, ಆಮೇಲೆ ಗಲಿಬಿಲಿ, ಕೊನೆಗೆ ಫಿಟ್ಸ್. ಸತ್ತವರೂ ಇದ್ದಾರೆ. ಇದಕ್ಕೆ ಬುಟ್ಟಿಗಟ್ಟಲೆ ಬೇಕಿಲ್ಲ, ಒಂದು ಹಣ್ಣು ಸಾಕು. ಕಿಡ್ನಿ ಚೆನ್ನಾಗಿರುವವರು ಊಟದ ಜೊತೆ ನಾಲ್ಕು ಚೂರು ತಿಂದರೆ ಹೆದರಬೇಕಿಲ್ಲ. ಆದರೆ ಇದರಲ್ಲಿ ಆಕ್ಸಲೇಟ್ ಎಂಬ, ಕಿಡ್ನಿಯಲ್ಲಿ ಹರಳುಗಟ್ಟುವ ಅಂಶ ಬಹಳ. ಖಾಲಿ ಹೊಟ್ಟೆಯಲ್ಲಿ ಲೋಟಗಟ್ಟಲೆ ರಸ ಕುಡಿದು ಒಳ್ಳೆಯ ಕಿಡ್ನಿಯನ್ನೇ ಕೆಡಿಸಿಕೊಂಡವರಿದ್ದಾರೆ. 'ಗಿಡದಲ್ಲಿ ಬೆಳೆದದ್ದು, ಏನಾಗುತ್ತದೆ ಬಿಡಿ' ಎನ್ನುವವರನ್ನು ಕಂಡರೆ ನನಗೀಗ ಸಿಟ್ಟು ಬರುತ್ತದೆ.

ಈ ವಿಷಕ್ಕೆ ಮದ್ದೆಂದರೆ ಡಯಾಲಿಸಿಸ್ಸೇ. ಪುಣ್ಯಕ್ಕೆ ಕಾಕಾರನ್ನು ಆಗಲೇ ಯಂತ್ರಕ್ಕೆ ಹಚ್ಚಿಯಾಗಿತ್ತು. ಅಂದು ಹೊತ್ತು ಹೆಚ್ಚಿಸಿ, ಮರುದಿನವೂ ಮಾಡಿದೆವು. ಮೂರನೆಯ ದಿನ ಎತ್ತಿನ ಮಾತು ನಿಂತು, ಚಹಾ ಕೇಳಿದರು.

ಈಗ ನಾನು ಹಣ್ಣಿನ ಹೆಸರು ಹೇಳಿ ಕೇಳುವುದಿಲ್ಲ. "ನಿನ್ನೆಯಿಂದ ಏನೇನು ತಿಂದಿರಿ?" ಎಂದು ಕೇಳಿ ಸುಮ್ಮನೆ ಕೂರುತ್ತೇನೆ. ನಮ್ಮ ಪಥ್ಯದ ಚೀಟಿಯಲ್ಲಿ ಕಮರಾಕ್ಷಿ ಇರಲಿಲ್ಲ; ಕನ್ನಡದಲ್ಲೂ ಮರಾಠಿಯಲ್ಲೂ ಕೈಯಿಂದ ಬರೆದು ಕೊಡುತ್ತೇನೆ, ಓದಲು ಬಾರದವರಿಗೆಂದು ಪಕ್ಕದಲ್ಲಿ ಒಂದು ನಕ್ಷತ್ರ. ಒಬ್ಬ ಅಜ್ಜಿಯ ಮೊಮ್ಮಗ ಅದನ್ನು ನೋಡಿ, ನಮ್ಮ ಅಜ್ಜಿಗೆ ಡಾಕ್ಟರು ಸ್ಟಾರ್ ಕೊಟ್ಟಿದ್ದಾರೆ ಎಂದು ಓಣಿಗೆಲ್ಲ ಹೇಳಿದನಂತೆ. ಅಂದಿನಿಂದ ನಕ್ಷತ್ರದ ಮೇಲೆ ಕೆಂಪು ಪೆನ್ನಿನಲ್ಲಿ ಅಡ್ಡಗೆರೆಯನ್ನೂ ಎಳೆಯುತ್ತೇನೆ.