ಡ್ರಮ್ಮಿನ ಮುಚ್ಚಳ

ನಮ್ಮ ಕಡೆ ಸಂಕ್ರಾಂತಿಯ ಮರುದಿನ ಕರಿ. ಹಬ್ಬದ ದಿನ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮಾದಲಿ ತಿಂದ ನಾಲಿಗೆಗೆ ಮಾರನೆಯ ದಿನ ಮಾಂಸದ ಖಾರ ಬೇಕೇ ಬೇಕು. ಈ ಸಲ ಬ್ಯಾಡಗಿ ಹತ್ತಿರದ ನಮ್ಮ ಹೊಲಕ್ಕೆ ಅರವತ್ತು ಜನ ಬರುವುದು ಖಾತ್ರಿಯಾದಾಗ, ಟೆಕ್ಸಾಸ್‌ನಿಂದ ರಜೆಗೆ ಬಂದಿದ್ದ ಕಾಕಾನ ಮಗ "ಅಣ್ಣ, ಸಾರು ಬೇಡ, ಹೊಗೆಯಲ್ಲಿ ಬೇಯಿಸೋಣ" ಎಂದ. ಮದುವೆ, ಜಾತ್ರೆಗಳಲ್ಲಿ ಕೊಪ್ಪರಿಗೆಯ ಮುಂದೆ ನಿಲ್ಲುವವನು ನಾನಾದ್ದರಿಂದ ಕೆಲಸ ನನ್ನ ಕೊರಳಿಗೇ ಬಿತ್ತು.

ಹೋಟೆಲುಗಳಲ್ಲಿ ಕಡ್ಡಿಗೆ ಚುಚ್ಚಿ ಕೆಂಡದ ಮೇಲೆ ಹತ್ತು ನಿಮಿಷ ಸುಡುತ್ತಾರಲ್ಲ, ಇದು ಆ ಜಾತಿಯ ಅಡುಗೆಯಲ್ಲ. ಇಲ್ಲಿ ಮಾಂಸ ಉರಿಯ ಮುಖವನ್ನೇ ನೋಡಬಾರದು. ಮುಚ್ಚಿದ ಡ್ರಮ್ಮಿನೊಳಗೆ 110ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿ, ತೆಳು ಹೊಗೆ, ಐದಾರು ತಾಸು. ಮುಂಗಾಲು, ತೊಡೆಗಳಲ್ಲಿರುವ ಗಟ್ಟಿ ನಾರು ಆ ನಿಧಾನದ ಶಾಖಕ್ಕೆ ಕರಗಿ ಅಂಟು ರಸವಾಗುತ್ತದೆ. ಅವಸರ ಮಾಡಿದರೆ ಚಕ್ಕಳ.

ಅಡುಗೆ ಎಣ್ಣೆ ತುಂಬಿದ್ದ 200 ಲೀಟರಿನ ಎರಡು ಡ್ರಮ್‌ಗಳನ್ನು ಹುಡುಕಿ ತಂದೆವು. ಔಷಧಿ, ರಾಸಾಯನಿಕ ತುಂಬಿದ್ದ ಡ್ರಮ್ ಅಗ್ಗಕ್ಕೆ ಸಿಗುತ್ತದೆ, ಆದರೆ ಎಷ್ಟು ತೊಳೆದರೂ ಅದನ್ನು ಅಡುಗೆಗೆ ಮುಟ್ಟಬಾರದು. ವೆಲ್ಡಿಂಗ್ ಅಂಗಡಿಯವರು ಕೆಳಗೆ ಗಾಳಿಗೆ ಕಿಂಡಿ, ಮೇಲೆ ಹೊಗೆಗೆ ಕೊಳವೆ, ನಡುವೆ ನೀರಿನ ತಟ್ಟೆ, ಅದರ ಮೇಲೆ ಎರಡು ಜಾಲರಿ ಕೂಡಿಸಿ ಕೊಟ್ಟರು. ಒಳಗಿನ ಬಣ್ಣ ಸುಟ್ಟು ಹೋಗಲೆಂದು ಹಿಂದಿನ ದಿನವೇ ಖಾಲಿ ಡ್ರಮ್ಮಿನಲ್ಲಿ ಜೋರು ಬೆಂಕಿ ಹಾಕಿದೆವು.

ಕಟ್ಟಿಗೆಯ ಮಾತು ಬಂದಾಗ ತಮ್ಮ ನಕ್ಕ. ಟೆಕ್ಸಾಸ್‌ನಲ್ಲಿ ಓಕ್ ಜೊತೆಗೆ ಮೆಸ್ಕೀಟ್ ಎಂಬ ಮರವನ್ನೂ ಉರಿಸುತ್ತಾರಂತೆ. ಅದು ಬೇರೆ ಯಾವುದೂ ಅಲ್ಲ, ನಮ್ಮ ಕೆರೆ ದಂಡೆಯನ್ನೆಲ್ಲ ಆಕ್ರಮಿಸಿರುವ ಬಳ್ಳಾರಿ ಜಾಲಿಯ ರಕ್ತಸಂಬಂಧಿ. ಬಳ್ಳಾರಿ ಜಾಲಿಯೂ ಅಮೆರಿಕ ಖಂಡದಿಂದಲೇ ಬಂದದ್ದು. ಹಾಗಾಗಿ ಕಾವಿಗೆ ಜಾಲಿಯ ಇದ್ದಿಲು, ಹೊಗೆಗೆ ಒಣಗಿದ ಮಾವಿನ ತುಂಡು ಎಂದು ಗೊತ್ತುಮಾಡಿದೆವು. ಹಸಿ ಕಟ್ಟಿಗೆ ಹಾಕಿದರೆ ದಟ್ಟ ಬಿಳಿ ಹೊಗೆ ಎದ್ದು ಮಾಂಸಕ್ಕೆ ಕಹಿ ಹತ್ತುತ್ತದೆ. ಕಣ್ಣಿಗೆ ಕಂಡೂ ಕಾಣದ ನೀಲಿ ಹೊಗೆ ಬರುವವರೆಗೆ ಮಾಂಸ ಒಳಗೆ ಹೋಗಬಾರದು.

ಮಸಾಲೆಗೆ ಉಪ್ಪು, ಕರಿಮೆಣಸು ಎರಡೇ ಸಾಕು ಎಂಬುದು ಅವನ ವಾದ. ವೈನಿ ಒಪ್ಪಲಿಲ್ಲ. 2011ರಲ್ಲಿ ಭೌಗೋಳಿಕ ಗುರುತು ಪಡೆದ ಮೆಣಸಿನಕಾಯಿಯ ಊರಿನಲ್ಲಿ ಕೂತು ಬೋಳು ಮಾಂಸ ತಿನ್ನುವುದೇ? ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಬೆಳ್ಳುಳ್ಳಿ, ಉಪ್ಪು, ಚೂರು ಬೆಲ್ಲದ ಜೊತೆ ಅರೆದು ದಪ್ಪಗೆ ಬಳಿದರೂ ಕಣ್ಣಲ್ಲಿ ನೀರು ಬರುವುದಿಲ್ಲ. ಈ ವಿಷಯದಲ್ಲಿ ನಾನು ಪೂರ್ತಿ ವೈನಿಯ ಪಕ್ಷ.

ಬೆಂಕಿ ಕಾಯಲು ಕಾಕಾನನ್ನು ಕೂಡಿಸಿದೆವು. ಆಯುಷ್ಯವೆಲ್ಲ ಬೆಲ್ಲದ ಗಾಣದ ಒಲೆಗೆ ಉರಿ ಹಾಕಿದವರು ಅವರು, ಅವರಿಗಿಂತ ಬೆಂಕಿ ಬಲ್ಲವರು ಊರಲ್ಲಿಲ್ಲ. ತೊಂದರೆ ಶುರುವಾದದ್ದೂ ಅಲ್ಲಿಂದಲೇ. ಕುದಿಯುವ ಕೊಪ್ಪರಿಗೆಯ ಕೆಳಗೆ ಕಬ್ಬಿನ ಒಣ ರವದಿ ತುರುಕಿ ಅಭ್ಯಾಸವಾದ ಕೈಗೆ ಸುಮ್ಮನೆ ಕೂರುವುದು ಬರುವುದಿಲ್ಲ. "ಇದೇನು, ದೀಪ ಹಚ್ಚಿಟ್ಟಿದ್ದೀರೋ, ಬೆಂಕಿ ಹಾಕಿದ್ದೀರೋ?" ಎಂದು ಗಳಿಗೆಗೊಮ್ಮೆ ಮುಚ್ಚಳ ತೆಗೆಯುತ್ತಿದ್ದರು. ಒಮ್ಮೆ ತೆಗೆದರೆ ಒಳಗಿನ ಕಾವೆಲ್ಲ ಹಾರಿಹೋಗಿ ಮತ್ತೆ ಏರಲು ಕಾಲು ತಾಸು ಬೇಕು. ಅವರನ್ನು ನೋಡಿ ಮಕ್ಕಳು, ಮಕ್ಕಳನ್ನು ನೋಡಿ ಬೀಗರು. ಕೊನೆಗೆ ಎರಡೂ ಮುಚ್ಚಳಗಳ ಮೇಲೆ ಒಂದೊಂದು ಕಲ್ಲು ಹೇರಿದೆ.

ಹನ್ನೊಂದರ ಹೊತ್ತಿಗೆ ಮಾಂಸದೊಳಗಿನ ಶಾಖ 70 ಡಿಗ್ರಿಗೆ ಬಂದು ಅಲ್ಲಿಯೇ ನಿಂತುಬಿಟ್ಟಿತು. ತಾಸು ಕಳೆದರೂ ಮಾಂಸಕ್ಕೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು ಅಲುಗದು. ಕಾಕಾ ಕಟ್ಟಿಗೆ ಎತ್ತಿಕೊಂಡೇ ಬಂದರು. ತಮ್ಮ ಅವರ ಕೈ ಹಿಡಿದು ಕಾರಣ ಹೇಳಿದ: ಮಣ್ಣಿನ ಹರವಿಯ ಮೈಯಿಂದ ನೀರು ಆರಿ ಒಳಗಿನದು ತಂಪಾಗುವಂತೆ, ಮಾಂಸದ ನೀರೂ ಆರುತ್ತಾ ಒಳಗಿನ ಶಾಖವನ್ನು ಏರಗೊಡುವುದಿಲ್ಲ. ಅಲ್ಲಿಯವರು ಈ ಹಂತದಲ್ಲಿ ಮಾಂಸವನ್ನು ಕಾಗದದಲ್ಲಿ ಸುತ್ತುತ್ತಾರಂತೆ, ನಾವು ಬಾಳೆ ಎಲೆಯಲ್ಲಿ ಸುತ್ತಿದೆವು. ಮುಳ್ಳು ಮತ್ತೆ ಮೇಲೇರಿತು.

ಆದರೆ ಹಸಿದ ಅರವತ್ತು ಹೊಟ್ಟೆಗೆ ಈ ವಿಜ್ಞಾನ ಯಾಕೆ ಬೇಕು? ಪಕ್ಕದ ಹೊಲದಲ್ಲಿ ಹಿಂಗಾರಿ ಜೋಳ ಹಾಲುಗಾಳಿನಲ್ಲಿತ್ತು. ಹುಡುಗರು ತೆನೆ ಮುರಿದು ತಂದು ಕುಳ್ಳಿನ ಕೆಂಡದಲ್ಲಿ ಹೂತು, ಚೀಲದಲ್ಲಿ ತಿಕ್ಕಿ ಸೀತನಿ ಮಾಡಿದರು. ಗುರೆಳ್ಳು ಚಟ್ನಿ, ಮೊಸರು, ಬೆಲ್ಲ. ಕಾಕಾನ ಕೈಗೂ ಕೊನೆಗೊಂದು ಕೆಲಸ ಸಿಕ್ಕಿತು.

ಮೂರು ಗಂಟೆಗೆ ಶಾಖ 93 ಮುಟ್ಟಿದ ಮೇಲೆ ಎಲೆ ಬಿಚ್ಚಿದೆವು. ಮೇಲೆ ಕಡುಕಪ್ಪು ಪೊರೆ, ಅದರ ಕೆಳಗೆ ಗುಲಾಬಿ ಅಂಚು. "ಹಸಿಯಾಗಿದೆ" ಎಂದು ಒಬ್ಬ ಬೀಗರು ತಟ್ಟೆ ಹಿಂದಕ್ಕೆ ತಳ್ಳಿದರು. ಹೊಗೆಯಲ್ಲಿರುವ ಅನಿಲ ಮಾಂಸದ ಕೆಂಪನ್ನು ಹಿಡಿದಿಡುವುದರಿಂದ ಹಾಗೆ ಕಾಣುತ್ತದೆ ಎಂದು ತಮ್ಮ ವಿವರಿಸತೊಡಗಿದ. ನಾನು ಎಲುಬು ಹಿಡಿದು ಎಳೆದು ತೋರಿಸಿದೆ. ಕೈಯಲ್ಲಿ ಬರಿ ಎಲುಬು ಬಂತು. ಅವರು ತಟ್ಟೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು.

20 ಕಿಲೋ ಹಾಕಿದ್ದು ಬೆಂದ ಮೇಲೆ ಮೂರನೆಯ ಒಂದು ಪಾಲಿಗೂ ಹೆಚ್ಚು ಇಳಿದಿತ್ತು. ಸೀತನಿ ಇಲ್ಲದಿದ್ದರೆ ಸಾಲುತ್ತಿರಲಿಲ್ಲ. ಅವ್ವನ ದೂರು ಮಾತ್ರ ಒಂದೇ: ರೊಟ್ಟಿ ಅದ್ದಲು ಏನೂ ಇಲ್ಲ. ಆ ರಾತ್ರಿಯೇ ಉಳಿದ ಎಲುಬನ್ನೆಲ್ಲ ಆರಿಸಿ ಒಲೆಯ ಮೇಲಿಟ್ಟಳು. ಮರುದಿನ ಹೊಗೆ ವಾಸನೆಯ ಆ ಸಾರಿಗಾಗಿ, ಟೆಕ್ಸಾಸ್‌ನವನೂ ಸೇರಿ, ಮನೆಯಲ್ಲಿ ಜಗಳವೇ ಆಯಿತು.