2 ಗಂಟೆ 9 ನಿಮಿಷಕ್ಕೆ ನಿಲ್ಲುತ್ತಿದ್ದ ಗಡಿಯಾರ: ಪೈಲಟ್ ಕೈಗಡಿಯಾರದ ನಾಲ್ಕನೆಯ ಟಿಪ್ಪಣಿ

ಹಳೆಯ ವಿಮಾನಚಾಲಕರ ಮಾದರಿಯಲ್ಲಿ ನಾನೇ ಜೋಡಿಸುತ್ತಿರುವ ಕೈಗಡಿಯಾರದಲ್ಲಿ ನಿನ್ನೆ ರಾತ್ರಿ ನಿಮಿಷದ ಮುಳ್ಳು ಗಂಟೆಮುಳ್ಳನ್ನು ಮುಟ್ಟದೆ ದಾಟಿತು. ಗಡಿಯಾರಗಳಲ್ಲಿ ಇದು ದಿನಕ್ಕೆ ಇಪ್ಪತ್ತೆರಡು ಸಲ ನಡೆಯುವ ಸಂಗತಿಯೆಂದೂ ಇದನ್ನು ಯಾರೂ ಎದ್ದು ಕುಳಿತು ನೋಡುವುದಿಲ್ಲವೆಂದೂ ಗೊತ್ತು. ಆದರೆ ಮೂರು ವಾರಗಳಿಂದ ಈ ಒಂದು ದಾಟುವಿಕೆಗಾಗಿ ನಾನು ಪಟ್ಟ ಪಾಡು ಮುಂದಿನ ಸಾಲುಗಳಲ್ಲಿದೆ.

ಹಿಂದಿನ ಟಿಪ್ಪಣಿಯಲ್ಲಿ ಕೇಸಿನ, ಅಂದರೆ ಹೊರಕವಚದ, ಪಾಲಿಶ್ ಮುಗಿದಿತ್ತು. ಯೂನಿಟಾಸ್ 6498 ಮೂವ್‌ಮೆಂಟನ್ನು (ಗಡಿಯಾರದ ಒಳಯಂತ್ರವನ್ನು) ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸಿದ್ದನ್ನೂ ಈರುಳ್ಳಿ ಆಕಾರದ ಕ್ರೌನಿಗೆ (ಕೀಲಿ ಕೊಡುವ ಗುಂಡಿಗೆ) ಸ್ಟೆಮ್ ಎಂಬ ಕಡ್ಡಿ ಕತ್ತರಿಸಿದ್ದನ್ನೂ ಇಲ್ಲಿ ವಿವರಿಸುವುದಿಲ್ಲ. ಎಲ್ಲವೂ ನಿಮಗೆ ಗೊತ್ತಿರುವಂತೆಯೇ ನಡೆಯಿತು, ಸ್ಟೆಮ್ಮನ್ನು ಮೊದಲ ಸಲ ತೀರಾ ಗಿಡ್ಡ ಕತ್ತರಿಸಿದ್ದೂ ಸೇರಿದಂತೆ. ತಲೆನೋವು ತಂದದ್ದು ಮುಳ್ಳುಗಳು. ತೆರೆದ ಕಾಕ್‌ಪಿಟ್ಟಿನಲ್ಲಿ, ದಪ್ಪ ಕೈಗವಸು ತೊಟ್ಟು, ಎಂಜಿನ್ನಿನ ಅದುರಾಟದ ನಡುವೆ ಒಂದೇ ನೋಟಕ್ಕೆ ಸಮಯ ತಿಳಿಯಬೇಕಾಗಿದ್ದವರಿಗೆ ದೊಡ್ಡ ಅಂಕಿ, ಅಗಲವಾದ ಮುಳ್ಳು, ಬೆರಳಿಗೆ ಸಿಕ್ಕುವ ಕ್ರೌನ್ ಮೂರೂ ಬೇಕಿದ್ದವು. 1909ರ ಜುಲೈ 25ರಂದು ಇಂಗ್ಲಿಷ್ ಕಡಲ್ಗಾಲುವೆಯನ್ನು ಹಾರಿ ದಾಟಿದ ಲೂಯಿ ಬ್ಲೆರಿಯೋ ಜೆನಿತ್ ಗಡಿಯಾರವನ್ನು ಬಳಸುತ್ತಿದ್ದ. ಅದೇ ಕಂಪನಿ ಈಚಿನವರೆಗೆ ಮಾಡುತ್ತಿದ್ದ ದುಬಾರಿ ಪೈಲಟ್ ಟೈಪ್ 20 ಮಾದರಿಯಲ್ಲಿಯೂ ಈರುಳ್ಳಿ ಕ್ರೌನ್ ಮತ್ತು ಕೆಥೆಡ್ರಲ್ ಮುಳ್ಳುಗಳಿದ್ದವು. ಅಂಥದ್ದನ್ನು ಕೊಳ್ಳುವ ಶಕ್ತಿ ಇಲ್ಲದವನಿಗೆ ಮಾಡಿಕೊಳ್ಳುವ ಹಟವಾದರೂ ಇರಬೇಕಲ್ಲವೇ?

ಕೆಥೆಡ್ರಲ್ ಮುಳ್ಳೆಂದರೆ ಚರ್ಚಿನ ಬಣ್ಣದ ಗಾಜಿನ ಕಿಟಕಿಯಂತೆ ಅಡ್ಡಪಟ್ಟಿಗಳಿಂದ ವಿಭಾಗವಾದ ಟೊಳ್ಳು ಚೌಕಟ್ಟು. ಕತ್ತಲಲ್ಲಿ ಬೆಳಗುವ ಲ್ಯೂಮ್ ಲೇಪವು ಆ ಕಿಂಡಿಗಳಲ್ಲಿ ತನ್ನ ಮೇಲ್ಮೈ ಸೆಳೆತದಿಂದಲೇ ಪೊರೆಯಂತೆ ನಿಲ್ಲಬೇಕು. ನನ್ನ ಗಂಟೆಮುಳ್ಳಿನ ನಡುಗಿಂಡಿ ಎಷ್ಟು ಅಗಲವಾಗಿತ್ತೆಂದರೆ, ತೆಳುವಾಗಿ ಕಲಸಿದ ಲೇಪವು ಸೋಪಿನ ಗುಳ್ಳೆಯಂತೆ ಮತ್ತೆ ಮತ್ತೆ ಒಡೆಯುತ್ತಿತ್ತು. ನಾನು ತರಿಸಿದ್ದು ನುಣುಪು ಪುಡಿ, ಬಂದದ್ದು ಹೆಚ್ಚುಕಡಿಮೆ ಮರಳು. ದಪ್ಪ ಕಣದ ಪುಡಿ ಹೆಚ್ಚು ಬೆಳಗುತ್ತದೆ ಎಂಬುದು ನಿಜವಾದರೂ ಅದರ ಪೊರೆಯೂ ಅಷ್ಟೇ ದಪ್ಪವಾಗುತ್ತದೆ. ಮಾರಿದವನಿಗೆ ಬರೆದು ದೂರಿದಾಗ, ದೋಷ ಕಾಣುವಂತೆ ಫೋಟೋ ಕಳುಹಿಸಿ ಎಂಬ ಉತ್ತರ ಬಂತು. ಕತ್ತಲಲ್ಲಿ ಹೊಳೆಯುವ ಧೂಳಿನ ಕಣದ ಗಾತ್ರ ತೋರುವ ಫೋಟೋ ತೆಗೆಯಬಲ್ಲವನು ಗಡಿಯಾರ ಬಿಟ್ಟು ಬೇರೆ ಕಸುಬು ಹಿಡಿಯುತ್ತಿದ್ದ. ಕೊನೆಗೆ ಆ ಪುಡಿಯನ್ನೇ ಗಟ್ಟಿಯಾಗಿ ಕಲಸಿ, ಎರಡೂ ಮುಳ್ಳುಗಳನ್ನು ಬೋರಲು ಹಾಕಿ, ಹಿಂಬದಿಯಿಂದ ಮೆತ್ತಿದೆ. ಮುಂದಿನಿಂದ ನೋಡಲು ಅದ್ಭುತವಾಗಿತ್ತು. ಹಿಂಬದಿಯನ್ನು ನೋಡುವವರು ಯಾರು ಎಂದುಕೊಂಡೆ.

ಜೋಡಿಸಿ ಕೀಲಿ ಕೊಟ್ಟ ಮೇಲೆ ಗಡಿಯಾರದ ವೇಗ ಅಳೆಯುವ ಟೈಮ್‌ಗ್ರಾಫರ್ ಯಂತ್ರ ದಿನಕ್ಕೆ 5 ಸೆಕೆಂಡು ಮುಂದೆ, ಆಂಪ್ಲಿಟ್ಯೂಡ್ (ಒಳಗಿನ ಬ್ಯಾಲನ್ಸ್ ಚಕ್ರದ ತೂಗಾಟ) 280 ಡಿಗ್ರಿ ಎಂದು, ಅಂದರೆ ಎಲ್ಲ ಆರೋಗ್ಯವಾಗಿದೆಯೆಂದು, ತೋರಿಸಿತು. ಹಗಲೆಲ್ಲ ಕೈಯಲ್ಲಿದ್ದಾಗ ಗಡಿಯಾರ ಸರಿಯಾಗಿಯೇ ನಡೆಯಿತು. ಆದರೆ ಬೆಳಿಗ್ಗೆ ಎದ್ದು ನೋಡಿದರೆ ನಾಲ್ಕೈದು ನಿಮಿಷ ಹಿಂದೆ! ಸೆಕೆಂಡಿನ ಮುಳ್ಳು ಮಾತ್ರ ಏನೂ ಆಗಿಲ್ಲವೆಂಬಂತೆ ಓಡುತ್ತಲೇ ಇತ್ತು. ಟೈಮ್‌ಗ್ರಾಫರ್ ಕೇಳಿಸಿಕೊಳ್ಳುವುದು ಒಳಗೆ ಟಿಕ್‌ಟಿಕ್ ಎನ್ನುವ ಎಸ್ಕೇಪ್‌ಮೆಂಟಿನ ಸದ್ದನ್ನು. ಡಯಲಿನ ಮೇಲೆ ಮುಳ್ಳುಗಳು ಕುಸ್ತಿಯಾಡುತ್ತಿದ್ದರೂ ಅದಕ್ಕೆ ಗೊತ್ತಾಗುವುದಿಲ್ಲ. ಸೆಕೆಂಡು ಸರಿಯಿದ್ದು ನಿಮಿಷ ಮಾತ್ರ ಹಿಂದೆ ಬಿದ್ದರೆ ಕ್ಯಾನನ್ ಪಿನಿಯನ್ (ನಿಮಿಷದ ಮುಳ್ಳನ್ನು ಹೊತ್ತು ಅಚ್ಚಿನ ಮೇಲೆ ಬಿಗಿಯಾಗಿ ಕೂರುವ ಕೊಳವೆ) ಜಾರುತ್ತಿದೆಯೆಂದೇ ಯಾರಾದರೂ ಹೇಳುತ್ತಾರೆ, ನಾನೂ ಹಾಗೆಯೇ ತೀರ್ಮಾನಿಸಿ ಅದರ ನಡುವನ್ನು ಒಂದಿಷ್ಟು ಬಿಗಿ ಮಾಡಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತಾಯಿತು. ಮರುದಿನ ಬೆಳಿಗ್ಗೆ ಗಡಿಯಾರ 2 ಗಂಟೆ 9 ನಿಮಿಷಕ್ಕೆ ಪೂರ್ತಿ ನಿಂತಿತ್ತು.

ಆದರೆ ಆ ತಪ್ಪು ಚಿಕಿತ್ಸೆಯೇ ರೋಗವನ್ನು ತೋರಿಸಿಕೊಟ್ಟಿತು. ಮುಂಚೆ ಮುಳ್ಳಿಗೆ ಅಡ್ಡಿಯಾದಾಗ ಪಿನಿಯನ್ ಜಾರಿ ಗಡಿಯಾರವನ್ನು ಬದುಕಿಸುತ್ತಿತ್ತು, ಹಾಗಾಗಿ ಅಡ್ಡಿ ಎಲ್ಲಿದೆಯೆಂದು ಗೊತ್ತಾಗುತ್ತಿರಲಿಲ್ಲ. ಬಿಗಿ ಮಾಡಿದ ಮೇಲೆ ಜಾರಲು ದಾರಿಯಿಲ್ಲದೆ, ಅಡ್ಡಿ ಇದ್ದಲ್ಲಿಯೇ ನಿಲ್ಲತೊಡಗಿತು. ಮುಂದಿನ ರಾತ್ರಿಗಳಲ್ಲಿ 5 ಗಂಟೆ 26, ಮತ್ತೆ 2 ಗಂಟೆ 9, ಆಮೇಲೆ 4 ಗಂಟೆ 20 ಎಂದು ಪುಸ್ತಕದಲ್ಲಿ ಬರೆದಿಟ್ಟೆ. ಮೊದಲಿಗೆ ಗೇರಿನ ಹಲ್ಲೊಂದು ಮುರಿದಿರಬೇಕೆಂದುಕೊಂಡು ಎರಡು ಸಂಜೆಗಳನ್ನು ಲೂಪಿನಡಿ (ಕಣ್ಣಿಗೆ ಹಿಡಿಯುವ ಭೂತಗನ್ನಡಿಯಡಿ) ಹಾಳುಮಾಡಿದೆ. ಹಲ್ಲು ಕಾರಣವಾಗಿದ್ದರೆ ಗಂಟೆ ಬದಲಾದರೂ ನಿಮಿಷ ಅದೇ ಬರಬೇಕಿತ್ತು. ಎರಡು ಮುಳ್ಳುಗಳು ಒಂದರ ಮೇಲೊಂದು ಬರುವುದು ಸುಮಾರು 65 ನಿಮಿಷ 27 ಸೆಕೆಂಡಿಗೊಮ್ಮೆ: 1 ಗಂಟೆ 5, 2 ಗಂಟೆ 11, 3 ಗಂಟೆ 16, 4 ಗಂಟೆ 22, 5 ಗಂಟೆ 27 ಹೀಗೆ. ನನ್ನ ಪಟ್ಟಿಯ ಪ್ರತಿಯೊಂದು ಸಮಯವೂ ಇವುಗಳಿಗಿಂತ ಒಂದೆರಡು ನಿಮಿಷ ಮೊದಲಿನದು. ಅಗಲ ಮುಳ್ಳುಗಳಾದ್ದರಿಂದ ನಡು ಸೇರುವ ಮೊದಲೇ ಅಂಚುಗಳು ಸೇರುತ್ತವಲ್ಲ! ನಿಮಿಷದ ಮುಳ್ಳಿನ ಹಿಂಬದಿಯಲ್ಲಿ, ಯಾರೂ ನೋಡುವುದಿಲ್ಲವೆಂದು ನಾನು ಬಿಟ್ಟಿದ್ದ ಲೇಪದ ಉಬ್ಬನ್ನು ಗಂಟೆಮುಳ್ಳು ನೋಡಿತ್ತು.

ರಾತ್ರಿಯೇ ಏಕೆ ಎಂಬ ಪ್ರಶ್ನೆ ಉಳಿದಿತ್ತು. ಗಾಜಿಗೆ ಧೂಳು ಕೂರದಿರಲೆಂದು ನಾನು ರಾತ್ರಿ ಗಡಿಯಾರವನ್ನು ಬೋರಲು ಇಡುತ್ತಿದ್ದೆ. ಗಂಟೆಮುಳ್ಳನ್ನು ಹೊತ್ತ ಗಂಟೆಚಕ್ರದ ಮೇಲೆ ಕೂತು ಅದನ್ನು ಒತ್ತಿ ಹಿಡಿಯಬೇಕಾದ, ಬಳುಕಿದ ತಗಡಿನ ಡಯಲ್ ವಾಷರ್ ನನಗೆ ಬಂದ ಪೊಟ್ಟಣದಲ್ಲಿ ಇರಲೇ ಇಲ್ಲ, ಅದಿಲ್ಲದೆಯೂ ನಡೆಯುತ್ತದೆಂದು ಮಾರಿದವನೂ ನಾನೂ ಒಮ್ಮತದಿಂದ ನಂಬಿದ್ದೆವು. ಬೋರಲು ಹಾಕಿದಾಗ ಗಂಟೆಚಕ್ರವು ಮುಳ್ಳಿನ ಸಮೇತ ನಿಮಿಷದ ಮುಳ್ಳಿನ ಕಡೆಗೆ ಜಾರುತ್ತಿತ್ತು. ಸುಮಾರು 0.1 ಮಿಲಿಮೀಟರ್ ದಪ್ಪದ ಕಾಗದದ ಪಟ್ಟಿಯನ್ನು ಎರಡು ಮುಳ್ಳುಗಳ ನಡುವೆ ಹಾಯಿಸಿ ನೋಡಿದೆ. ಡಯಲ್ ಮೇಲಿದ್ದಾಗ ಅದು ತಡೆಯುತ್ತ ತಡೆಯುತ್ತ ಆಚೆ ಬಂತು. ಗಡಿಯಾರವನ್ನು ಬೋರಲು ಹಿಡಿದಾಗ ಉಬ್ಬಿನ ಬಳಿಗೆ ಬಂದು ಮಡಚಿಕೊಂಡಿತು.

ಮುಳ್ಳುಗಳನ್ನು ಅಸಿಟೋನಿನಲ್ಲಿ ನೆನೆಸಿ ಎಲ್ಲ ಲೇಪವನ್ನೂ ತೆಗೆದೆ. ಇದು ಈ ಕಾಲದ, ವಿಕಿರಣವಿಲ್ಲದ ಸ್ಟ್ರಾನ್ಷಿಯಂ ಅಲ್ಯುಮಿನೇಟ್ ಆದ್ದರಿಂದ ಹೀಗೆ ಮಾಡಬಹುದು; ವಿಕಿರಣ ಸೂಸುವ ಹಳೆಯ ರೇಡಿಯಂ ಮುಳ್ಳು ಸಿಕ್ಕಿದರೆ, ಅದು ಹೊಳೆಯದಿದ್ದರೂ, ದಯವಿಟ್ಟು ಕೆರೆಯಬೇಡಿ. ಅದರಲ್ಲಿ ಸತ್ತಿರುವುದು ಬೆಳಗುವ ಜಿಂಕ್ ಸಲ್ಫೈಡ್ ಮಾತ್ರ, ರೇಡಿಯಂನ ಅರ್ಧಾಯುಷ್ಯ 1,600 ವರ್ಷ. ಈ ಗಲಾಟೆಯಲ್ಲಿ ನಿಮಿಷದ ಮುಳ್ಳಿಗೆ ಗೀರು ಬಿದ್ದದ್ದರಿಂದ ಅದನ್ನು ಉಜ್ಜಿ, ಉಕ್ಕಿಗೆ ನೀಲಿ ಬಣ್ಣ ಬರಲೆಂದು ಹಿತ್ತಾಳೆಯ ಪುಡಿಯ ಮೇಲಿಟ್ಟು ಮತ್ತೆ ಕಾಯಿಸಬೇಕಾಯಿತು. ಹುಲ್ಲಿನ ಹಳದಿ, ಕಂದು, ನೇರಳೆ ದಾಟಿ, 300 ಡಿಗ್ರಿಯ ಆಸುಪಾಸಿನಲ್ಲಿ ನೀಲಿ ಬಂತು. ಒಂದು ಉಸಿರು ತಡವಾಗಿದ್ದರೆ ಬೂದು.

ಎರಡನೆಯ ಸಲ, ಬೇರೆ ಕಡೆಯಿಂದ ನುಣುಪು ಪುಡಿ ತರಿಸಿ, ಮುಳ್ಳಿನ ಮುಖವನ್ನು ನಯವಾದ ಟೇಪಿಗೆ ಅಂಟಿಸಿದೆ. ಹಿಂದಿನಿಂದ ತೆಳುವಾಗಿ ಸವರಿ, ಒಂದು ದಿನ ಒಣಗಿಸಿ, ಮತ್ತೊಂದು ಪದರ ಕೊಟ್ಟು, ಚೌಕಟ್ಟಿನ ಮಟ್ಟಕ್ಕಿಂತ ಮೇಲೆದ್ದದ್ದನ್ನು ಹಸಿಯಿದ್ದಾಗಲೇ ಬ್ಲೇಡಿನಿಂದ ಎಳೆದು ತೆಗೆದೆ. ಟೇಪು ಬಿಡಿಸಿದಾಗ ಮುಖ ಎನಾಮಲ್ಲಿನಂತೆ ಸಪಾಟಾಗಿತ್ತು. ದುಬಾರಿ ಗಡಿಯಾರಗಳಲ್ಲಿ ಕಾಣುವ ಮೆಲುವಾದ ಉಬ್ಬು ಇದರಲ್ಲಿಲ್ಲ, ಆದರೆ ಉಬ್ಬಿನ ವಿಷಯದಲ್ಲಿ ನನಗೆ ಈಗ ಯಾವ ಆಸೆಯೂ ಉಳಿದಿಲ್ಲ. ವಾಷರನ್ನೂ ಹಾಕಿದೆ. ಕಾಗದದ ಪಟ್ಟಿ ಎರಡು ಮಡಿಕೆಯಾದರೂ ಸಲೀಸಾಗಿ ಹಾಯುತ್ತದೆ.

ಕಾಯುವ ದಿನಗಳಲ್ಲಿ ಕೈ ಸುಮ್ಮನಿರದೆ ಮುಂದಿನ ಗಡಿಯಾರದ ನಕ್ಷೆ ಬರೆದೆ. ಮೊದಲು ಮನಸ್ಸಿನಲ್ಲಿದ್ದದ್ದು, ಲೂಯಿ ಕಾರ್ಟಿಯೇ 1904ರಲ್ಲಿ ಬ್ರೆಜಿಲ್ಲಿನ ಹಾರಾಟಗಾರ ಸಾಂಟೋಸ್ ಡ್ಯೂಮೋನಿಗಾಗಿ ರೂಪಿಸಿದಂಥ, ಸ್ಕ್ರೂಗಳು ಎದ್ದು ಕಾಣುವ ಚೌಕ ಕೇಸು. ಆದರೆ ಚೌಕದ ಮೂಲೆಗಳನ್ನು ಅರದಲ್ಲಿ ತೀಡುವ ಯೋಚನೆಗೇ ಬೆರಳು ನೋಯುತ್ತದೆ. ಈಗಿನ ಒಲವು ಅಮೆರಿಕದ ನೌಕಾ ಅಧಿಕಾರಿ ವೀಮ್ಸ್ ಹೆಸರಿನ ಮಾದರಿಯ ಕಡೆಗೆ: ಡಯಲಿನ ನಡುವಿನ ಸೆಕೆಂಡುಗಳ ಬಿಲ್ಲೆಯನ್ನೇ ತಿರುಗಿಸಿ, ಗಡಿಯಾರವನ್ನು ನಿಲ್ಲಿಸದೆ ರೇಡಿಯೋ ಸಂಕೇತಕ್ಕೆ ಹೊಂದಿಸಿಕೊಳ್ಳುವ ಉಪಾಯ. ಭೂಮಿ 4 ಸೆಕೆಂಡಿಗೆ ಒಂದು ಕೋನನಿಮಿಷ (ಒಂದು ಡಿಗ್ರಿಯ ಅರವತ್ತರಲ್ಲಿ ಒಂದು ಭಾಗ) ತಿರುಗುವುದರಿಂದ, ನಕ್ಷತ್ರ ನೋಡಿ ದಾರಿ ಲೆಕ್ಕಹಾಕುವವನ ಗಡಿಯಾರ 4 ಸೆಕೆಂಡು ತಪ್ಪಿದರೆ ಸಮಭಾಜಕದ ಬಳಿ ಅವನು ಒಂದು ನಾಟಿಕಲ್ ಮೈಲಿ ತಪ್ಪುತ್ತಾನೆ. ರಾತ್ರಿಗೆ ಐದು ನಿಮಿಷ ತಪ್ಪುತ್ತಿದ್ದ ನನ್ನದನ್ನು ನಂಬಿದವನು ಬೆಳಗಾಗುವಷ್ಟರಲ್ಲಿ 75 ಮೈಲಿ ಆಚೆ ಇರುತ್ತಿದ್ದ. ಆ ಬಿಲ್ಲೆಗೆ ಬೇರಿಂಗ್ ಹೇಗೆ ಕೂರಿಸುವುದೆಂದು ಬಲ್ಲವರು ಬರೆದು ತಿಳಿಸಿ.

ನಿನ್ನೆ ರಾತ್ರಿ ಬೇಕೆಂದೇ ಬೋರಲು ಇಟ್ಟೆ. 2 ಗಂಟೆ 9ಕ್ಕೆ ಅಲಾರಂ ಇಟ್ಟು ಎದ್ದು, ಕತ್ತಲಲ್ಲಿ ಗಡಿಯಾರವನ್ನು ತಲೆಯ ಮೇಲೆ ಎತ್ತಿ ಹಿಡಿದು ಕೆಳಗಿನಿಂದ ನೋಡಿದೆ. ಎರಡು ಹಸಿರು ಕಿಟಕಿಗಳು ಕೂಡಿ ಒಂದಾಗಿ, ನಾಲ್ಕೈದು ನಿಮಿಷದಲ್ಲಿ ಬೇರೆಯಾದವು. ಬೆಳಿಗ್ಗೆ ಸಮಯವೂ ಸರಿಯಾಗಿತ್ತು. ಗಂಟೆಮುಳ್ಳಿನ ಬುಡದ ಕಿಂಡಿಯಲ್ಲಿ ಟೇಪಿನ ಕೃಪೆಯಿಂದ ಸೂಜಿಮೊನೆಯಷ್ಟು ಗಾಳಿಗುಳ್ಳೆಯೊಂದು ಉಳಿದಿದೆ. ಅದು ಲೂಪಿನಲ್ಲಿ ಮಾತ್ರ ಕಾಣುತ್ತದೆ, ಲೂಪನ್ನು ಡ್ರಾಯರಿನೊಳಗೆ ಇಟ್ಟಿದ್ದೇನೆ.